ಅಂತಾರಾಷ್ಟ್ರೀಯ ಸಂಬಂಧ, ಶಿರಸಿಯ ಸಾಲ

ಶಿಕ್ಷಣ ಸಾಲದ ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಗಳ ವಿವರ ಎಲ್ಲ ಮುಗಿದ ಮೇಲೆ ಒಂದು ಕಲಂ ಇತ್ತು: ಕೋರ್ಸ್ ಮುಗಿದ ನಂತರದ ನಿರೀಕ್ಷಿತ ಆದಾಯ. ಎಂಜಿನಿಯರಿಂಗಿಗೋ ನರ್ಸಿಂಗಿಗೋ ಹೋಗುವವರು ಸೀನಿಯರುಗಳನ್ನು ಕೇಳಿ ಒಂದು ಸಂಖ್ಯೆ ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನು ಹೊರಟಿದ್ದು ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯಕ್ಕೆ, ಅಂತಾರಾಷ್ಟ್ರೀಯ ಸಂಬಂಧಗಳ ಒಂದು ವರ್ಷದ ಎಂಎಗೆ. ಅದು 2022ರ ಬೇಸಿಗೆ. ಶಿರಸಿ ಸೀಮೆಯ ನಮ್ಮೂರಲ್ಲಿ ಆ ಓದು ಓದಿ ಬಂದವರು ಯಾರೂ ಇರಲಿಲ್ಲ, ಕೇಳೋಣವೆಂದರೆ. ಆ ಕಲಮಿಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಸಾಲದ ಕಂತು ಶುರುವಾದ ಮೇಲೆ. ಈಗ ಕುಮಟಾ, ಹೊನ್ನಾವರ, ಯಲ್ಲಾಪುರ ಕಡೆಯ ಹುಡುಗ ಹುಡುಗಿಯರು ಅದೇ ಪ್ರಶ್ನೆ ಹಿಡಿದು ನನಗೆ ಮೆಸೇಜ್ ಮಾಡುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಈ ವಿಷಯದ ಹುಚ್ಚು ಹತ್ತಿದ್ದು ಕಾರವಾರದಲ್ಲಿ. ಡಿಗ್ರಿ ಓದುವಾಗ ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಒಂದು ಕಡೆ ಕೈಗಾ ಅಣುಸ್ಥಾವರ, ಇನ್ನೊಂದು ಕಡೆ ಅರಗಾದ ನೌಕಾನೆಲೆ. ರಷ್ಯಾದಲ್ಲಿ ಸಜ್ಜಾದ ವಿಮಾನವಾಹಕ ಯುದ್ಧನೌಕೆ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಬಂದು ತಲುಪಿದ್ದು ಕಾರವಾರಕ್ಕೆ. ಪೇಪರಿನ ವಿದೇಶ ಪುಟದ ಸುದ್ದಿ ನಮ್ಮ ಬಸ್ಸಿನ ಕಿಟಕಿಯ ಆಚೆ ಇರುವಾಗ ಆಸಕ್ತಿ ಹುಟ್ಟದಿದ್ದರೇ ಆಶ್ಚರ್ಯ. ಆದರೆ ಆಸಕ್ತಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಮೊದಲು ಸಂಬಳದ ಲೆಕ್ಕ ಹುಡುಕಿದೆ. ಅಮೆರಿಕದಲ್ಲಿ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಸರ್ಕಾರಿ ವ್ಯವಸ್ಥೆ ಇದೆ, 2015ರಿಂದ. ಯಾವ ಕಾಲೇಜು, ಯಾವ ವಿಷಯ ಎಂದು ಆರಿಸಿದರೆ ಅಲ್ಲಿ ಓದಿದವರ ಮಧ್ಯಮ ಸಂಬಳ ಎಷ್ಟು, ತಲೆಯ ಮೇಲಿನ ಸಾಲ ಎಷ್ಟು ಎಂದು ತೋರಿಸುತ್ತದೆ. ‘ಅಂತಾರಾಷ್ಟ್ರೀಯ ಸಂಬಂಧ ಮತ್ತು ರಾಷ್ಟ್ರೀಯ ಭದ್ರತಾ ಅಧ್ಯಯನ’ಕ್ಕೂ ಪ್ರತ್ಯೇಕ ಸಾಲು ಇದೆ. ಡಾಲರನ್ನು ರೂಪಾಯಿ ಮಾಡಿ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಇಂಥ ಅಂಕಿಗಳನ್ನು ನಮ್ಮ ಕನ್ಸಲ್ಟೆನ್ಸಿಯವರು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚುತ್ತಾರೆ.

ಅವರು ಹೇಳದ ಸಂಗತಿ ಅದೇ ಸ್ಕೋರ್‌ಕಾರ್ಡಿನ ವಿವರಣೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಆ ಸಂಬಳ ಲೆಕ್ಕಕ್ಕೆ ಬರುವುದು ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವು ಪಡೆದವರದ್ದು ಮಾತ್ರ. ನಮ್ಮ ದೇಶದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ನೆರವು ಸಿಗುವುದಿಲ್ಲ. ಅಂದರೆ ನಾವು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನು ಆ ಸಂಬಳ ಬರುವುದಾದರೂ ಎಲ್ಲಿಂದ? ಈ ವಿಷಯ ಓದಿದ ಅಲ್ಲಿಯವರಲ್ಲಿ ಬಹಳ ಜನ ಸೇರುವುದು ಕೇಂದ್ರ ಸರ್ಕಾರದ ಇಲಾಖೆಗಳಿಗೆ, ರಕ್ಷಣಾ ಗುತ್ತಿಗೆ ಕಂಪನಿಗಳಿಗೆ. ಅಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಕಡತ ನೋಡಲು ಸರ್ಕಾರದ ಅನುಮತಿ ಬೇಕು, ಅದಕ್ಕೆ ಆ ದೇಶದ ಪೌರತ್ವ ಬೇಕು. ಅಷ್ಟೇ ಅಲ್ಲ, ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಓಪಿಟಿ ಅವಧಿ ಕಂಪ್ಯೂಟರ್, ಎಂಜಿನಿಯರಿಂಗ್‌ನವರಿಗೆ ಹೆಚ್ಚುವರಿ 24 ತಿಂಗಳು ಸೇರಿ ಮೂರು ವರ್ಷ. ಅಂತಾರಾಷ್ಟ್ರೀಯ ಸಂಬಂಧದವರಿಗೆ ಸಾಮಾನ್ಯವಾಗಿ 12 ತಿಂಗಳು. ಜಗತ್ತಿನ ಎಲ್ಲ ಓದುಗಳಲ್ಲಿ ಪಾಸ್‌ಪೋರ್ಟಿನ ಬಣ್ಣಕ್ಕೆ ಇಷ್ಟು ಬೆಲೆ ಇರುವ ಓದು ಇದೊಂದೇ ಇರಬೇಕು. ಡಾಕ್ಟರಿಗೆ ಕಾಯಿಲೆ ಎಲ್ಲ ಕಡೆ ಒಂದೇ. ನಾವು ಓದುವುದು ದೇಶ ದೇಶಗಳ ಗುಟ್ಟನ್ನು. ಆ ಗುಟ್ಟಿನ ಕೆಲಸಕ್ಕೆ ಪರದೇಶದವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಮೆರಿಕ ಕೈಬಿಟ್ಟಿದ್ದು ಹೀಗೆ. ಬ್ರಿಟನ್ನಿನಲ್ಲಿ ಎಂಎ ಒಂದೇ ವರ್ಷದ್ದು, ಖರ್ಚು ಅಷ್ಟು ಕಡಿಮೆ. 2021ರ ಜುಲೈಯಿಂದ ಗ್ರಾಜುಯೇಟ್ ರೂಟ್ ವೀಸಾ ಬೇರೆ ಶುರುವಾಗಿತ್ತು, ಓದಿದ ಮೇಲೆ ಎರಡು ವರ್ಷ ಯಾವ ಕೆಲಸವನ್ನಾದರೂ ಮಾಡಬಹುದಿತ್ತು. ಬ್ರಿಟನ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ನನಗೆ ಇರಲಿಲ್ಲ. ಉಳಿದದ್ದು ಸಾಲ.

ನಮ್ಮ ದೇಶದ ಲೆಕ್ಕವನ್ನೂ ನೋಡಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಸಂಸ್ಥೆಗಳು ಕೊಡುವ ಮಾಹಿತಿಯಲ್ಲಿ ಕೆಲಸ ಸಿಕ್ಕವರ ಮಧ್ಯಮ ಸಂಬಳ ಇರುತ್ತದೆ. ಆದರೆ ಅದು ಇಡೀ ಸಂಸ್ಥೆಯದ್ದು, ವಿಭಾಗದ್ದಲ್ಲ. ಎಂಬಿಎ, ಎಂಸಿಎ, ಎಂಎ ಎಲ್ಲ ಒಂದೇ ಹಂಡೆಯಲ್ಲಿ. ಕೆಲಸ ಸಿಗದವರ ಸೊನ್ನೆಯಂತೂ ಮಧ್ಯಮ ಸಂಬಳದೊಳಗೆ ಬರುವುದೇ ಇಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟು. ಬ್ರಿಟನ್ನಿನಲ್ಲಿ ಕೆಲಸ ಸಿಗುವುದೇ ಇಲ್ಲ, ವಾಪಸ್ ಬರುತ್ತೇನೆ ಎಂದು ಹಿಡಿದು, ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರದ ಎಂಎ ಮಾಡಿದವಳಿಗೆ ಇಂಗ್ಲಿಷ್ ಚೆನ್ನಾಗಿದ್ದರೆ ಎಷ್ಟು ಸಿಗಬಹುದು ಎಂದು ವಿಚಾರಿಸಿ, 45,000 ಎಂದು ಬರೆದೆ. ಬ್ಯಾಂಕಿನ ಅಧಿಕಾರಿ ಕನ್ನಡಕ ಮೇಲೇರಿಸಿ ಓದಿದರು. “ಫಾರಿನ್ನಿಗೆ ಹೋಗಿ ಬಂದು ನಲವತ್ತೈದೇ ಸಾವಿರವಾ? ಎಲ್ಲರೂ ಎರಡು ಲಕ್ಷ ಬರೀತಾರಲ್ಲೆ.” ಇದನ್ನು ಇಟ್ಟುಕೊಂಡೇ ಲೆಕ್ಕ ಹಾಕಿ ಸರ್ ಎಂದೆ. “ಹಾಗಾದ್ರೆ ಈ ಸಾಲ ನಿಮಗೆ ಭಾರ ಆಗ್ತದೆ. ಐಎಫ್‌ಎಸ್ ಆಗೋ ವಿಚಾರ ಉಂಟಾ?” ಎಂದರು. ಅಂತಾರಾಷ್ಟ್ರೀಯ ಸಂಬಂಧ ಎಂದರೆ ಎಲ್ಲರೂ ಕೇಳುವ ಪ್ರಶ್ನೆ ಅದು. ಐಎಫ್‌ಎಸ್‌ಗೆ, ಅಂದರೆ ವಿದೇಶಾಂಗ ಸೇವೆಗೆ, ಯುಪಿಎಸ್‌ಸಿ ಬರೆಯಬೇಕು, ಅದಕ್ಕೆ ಯಾವ ಡಿಗ್ರಿಯಾದರೂ ಸಾಕು, ವಿದೇಶದ ಎಂಎ ಬೇಕಿಲ್ಲ ಎಂದು ಅವರಿಗೂ ಗೊತ್ತಿತ್ತು. ಮನುಷ್ಯ ಒಳ್ಳೆಯವರು. ಎರಡು ಲಕ್ಷ ಬರೆದಿದ್ದರೆ ಕಡತ ಬೇಗ ಸಾಗುತ್ತಿತ್ತೋ ಏನೋ, ಕಂತು ಕಟ್ಟುವವಳು ಮಾತ್ರ ನಾನೇ.

ಕಡತ ನಿಜವಾಗಿ ನಿಂತದ್ದು ಜಾಮೀನಿನಲ್ಲಿ. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಅಷ್ಟರ ಮಟ್ಟಿಗೆ ಕೇಂದ್ರದ ಖಾತರಿ ನಿಧಿ ಇದೆ. ಅದಕ್ಕಿಂತ ಮೇಲೆ ಹೋದರೆ ಆಸ್ತಿ ತೋರಿಸಬೇಕು. ವಿದೇಶದ ಓದಿಗೆ ಒಟ್ಟು ಖರ್ಚಿನ ನೂರಕ್ಕೆ 15 ಭಾಗ ನಮ್ಮ ಕೈಯಿಂದ ಹಾಕಬೇಕು. ನನಗೆ ಬೇಕಾಗಿದ್ದದ್ದು 24 ಲಕ್ಷ.

ಅಪ್ಪಯ್ಯನ ಹೆಸರಲ್ಲಿ ಅಡಿಕೆ ತೋಟ ಇದೆ, ನೂರು ವರ್ಷದ ಹಿಂದಿನ ಮನೆ ಇದೆ. ತೋಟದ ಬೆಲೆ ಸಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ನಮ್ಮ ಶಾಖೆಯವರು ಪಹಣಿಯ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಬಾಕಿದಾರರ ಆಸ್ತಿಯನ್ನು ಬ್ಯಾಂಕ್ ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳುವುದು 2002ರ ಸರ್ಫೇಸಿ ಕಾಯ್ದೆಯಡಿ. ಅದರ 31(ಐ) ಕಲಮಿನ ಪ್ರಕಾರ ಕೃಷಿ ಭೂಮಿಗೆ ಆ ಕಾಯ್ದೆ ತಾಗುವುದಿಲ್ಲ. ರೈತರ ರಕ್ಷಣೆಗೆ ಮಾಡಿದ ವಿನಾಯಿತಿ, ಒಳ್ಳೆಯದೇ. ಆದರೆ ಅದರಿಂದಲೇ ದೊಡ್ಡ ಶಿಕ್ಷಣ ಸಾಲಕ್ಕೆ ತೋಟ ಜಾಮೀನಾಗಿ ನಿಲ್ಲುವುದಿಲ್ಲ. ಶಿರಸಿ ಪೇಟೆಯ ಎರಡು ಗುಂಟೆ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಸೈಟು ನಿಲ್ಲುತ್ತದೆ. ಸಾಲದ್ದಕ್ಕೆ ಪಹಣಿಯ 11ನೇ ಕಲಮಿನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ ಬೇರೆ ಇತ್ತು. ತೋಟದ ಮನೆ, ಸೊಪ್ಪಿನ ಬೆಟ್ಟ, ಕೊಟ್ಟಿಗೆ ಎಲ್ಲ ಇದ್ದೂ ಬ್ಯಾಂಕಿನ ಕಣ್ಣಲ್ಲಿ ಆಸ್ತಿ ಇಲ್ಲದವರು ನಾವು. ಘಟ್ಟದ ಮೇಲಿನ ಎಷ್ಟೋ ಮನೆಗಳ ಪಾಡು ಇದೇ.

ಅಪ್ಪಯ್ಯನಿಗೆ ಒಳಗೊಳಗೇ ಸಮಾಧಾನ ಆದಂತೆ ಕಂಡಿತು. “ಅಡ್ಡಿಲ್ಲೆ ತಂಗಿ, ಓದು. ಆದ್ರೆ ತೋಟಕ್ಕೆ ಕೈ ಹಾಕ್ಸಡ” ಎಂದು ಮೊದಲೇ ಹೇಳಿದ್ದ.

ಆಯಿ ಸುಮ್ಮನೆ ಕುಮಟೆಗೆ ಫೋನು ಮಾಡಿದಳು. ಅಲ್ಲಿ ಅವಳ ಅಣ್ಣ, ನನ್ನ ಸೋದರಮಾವ, ಹೆದ್ದಾರಿಗೆ ಹತ್ತಿರದಲ್ಲಿ ಮನೆ ಕಟ್ಟಿಸಿದ್ದ. ಬಿನ್‌ಶೇತ್ಕಿ ಜಾಗ, ಕಟ್ಟಡ ಪರವಾನಗಿ, ತೆರಿಗೆ ಪಾವತಿ, ಎಲ್ಲ ಕಾಗದ ಸರಿಯಾಗಿ ಇದ್ದವು. ಮಾವ ಒಂದೇ ಮಾತಲ್ಲಿ ಒಪ್ಪಿದ. “ಮನೆ ಎಂತ ಓಡಿಹೋಗ್ತಿಲ್ಲೆ. ಕಾಗದ ಬ್ಯಾಂಕಲ್ಲಿದ್ರೆಂತ, ಪೆಟ್ಟಿಗೇಲಿದ್ರೆಂತ.” ಅತ್ತೆ ಮಾತ್ರ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ, ಅವರನ್ನು ದೂರುವಂತಿಲ್ಲ.

ಆಮೇಲೆ ಕಾಗದದ ಯಾತ್ರೆ. ಋಣಭಾರ ಪ್ರಮಾಣಪತ್ರ, ಮೂಲ ಖರೀದಿ ಪತ್ರ, ಬ್ಯಾಂಕಿನ ಪ್ಯಾನೆಲ್ ವಕೀಲರ ಅಭಿಪ್ರಾಯ, ಎಂಜಿನಿಯರ್ ಬಂದು ಮನೆ ಅಳೆದು ಕೊಡುವ ಮೌಲ್ಯಮಾಪನ. ವಕೀಲರಿಗೂ ಎಂಜಿನಿಯರಿಗೂ ಫೀಸು ನಮ್ಮದೇ, ಸಾಲ ಮಂಜೂರಾಗಲಿ ಬಿಡಲಿ. ಅಪ್ಪಯ್ಯ ಸಹ ಸಾಲಗಾರ, ಹಾಗಾಗಿ ಆದಾಯದ ಪುರಾವೆ ಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಐಟಿ ರಿಟರ್ನ್ ಇಲ್ಲ, ಆದ್ದರಿಂದ ಬ್ಯಾಂಕಿನ ಸಾಫ್ಟ್‌ವೇರಿಗೆ ಅವನ ಆದಾಯ ಕಾಣುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಜೊತೆಗೆ ಸೇಲ್ ಸೊಸೈಟಿಯಲ್ಲಿ ಅಡಿಕೆ ವಿಕ್ರಿ ಮಾಡಿದ ಪಟ್ಟಿಗಳನ್ನು ಮೂರು ವರ್ಷದ್ದು ಜೋಡಿಸಿ ಕೊಟ್ಟೆವು. ರಾಶಿ ಇಷ್ಟು, ಚಾಲಿ ಇಷ್ಟು, ಬೆಟ್ಟೆ ಇಷ್ಟು ಎಂದು ಅಡಿಕೆಯ ಒಂದೊಂದು ಬಗೆಯ ಲೆಕ್ಕ. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಕ್ಷೇತ್ರಾಧಿಕಾರಿ ಆ ಚೀಟಿಗಳನ್ನು ತಿರುವಿ ತಿರುವಿ ನೋಡಿದ. ಕೊನೆಗೆ ಚಾಲಿಗೂ ರಾಶಿಗೂ ಏನು ವ್ಯತ್ಯಾಸ ಎಂದು ಅಪ್ಪಯ್ಯನಿಂದ ಪಾಠ ಹೇಳಿಸಿಕೊಂಡು ಸಹಿ ಹಾಕಿದ.

ಇನ್ನೊಂದು ವಿಷಯ ಆಗ ಗೊತ್ತಾಯಿತು. ಕೇಂದ್ರದ ಬಡ್ಡಿ ಸಹಾಯಧನ ಯೋಜನೆ, ಕುಟುಂಬದ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದವರಿಗೆ ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಕಟ್ಟುವಂಥದ್ದು, ಭಾರತದಲ್ಲೇ ಓದುವವರಿಗೆ ಮಾತ್ರ. ಅದೂ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ಎಂಎ ಅಂತಾರಾಷ್ಟ್ರೀಯ ಸಂಬಂಧ ಎರಡೂ ಕಡೆಯಿಂದ ಹೊರಗೆ. ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ಕಡಿತ ಇತ್ತು, ಅದು ಸಿಕ್ಕಿತು.

ಸಾಲ ಮಂಜೂರಾದಾಗ ರಿಸರ್ವ್ ಬ್ಯಾಂಕಿನ ರೆಪೊ ದರ ಏರುವ ಹಾದಿಯಲ್ಲಿತ್ತು. 2022ರ ಮೇ ತಿಂಗಳಿಗೆ ಮೊದಲು ಶೇ 4 ಇದ್ದದ್ದು 2023ರ ಫೆಬ್ರವರಿಗೆ 6.50. ನನ್ನದು ರೆಪೊಗೆ ಕಟ್ಟಿದ ಬಡ್ಡಿ. ನಾನು ಅಲ್ಲಿ ಲೈಬ್ರರಿಯಲ್ಲಿ ಕೂತು ಅಧಿಕಾರ ಸಮತೋಲನದ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಗ ಇಲ್ಲಿ ಮೀಟರ್ ಓಡುತ್ತಿತ್ತು. ಒಂದು ಲಾಭವೂ ಆಯಿತು ಅನ್ನಿ. 2022ರ ಸೆಪ್ಟೆಂಬರ್ 23ರಂದು ಅಲ್ಲಿನ ಸರ್ಕಾರ ಮಂಡಿಸಿದ ಮಿನಿ ಬಜೆಟ್ಟಿನಿಂದ ಪೌಂಡ್ ಬಿದ್ದು, 26ಕ್ಕೆ ಡಾಲರಿನ ಎದುರು ಹಿಂದೆಂದೂ ಇಲ್ಲದಷ್ಟು ಕೆಳಗೆ ಹೋಯಿತು. ಫೀಸಿನ ಮೊದಲ ಕಂತು ಕಟ್ಟಿದ್ದು ಅದೇ ವಾರ. ಬ್ರಿಟಿಷರ ಆರ್ಥಿಕತೆ ತತ್ತರಿಸಿದ್ದರಿಂದ ಶಿರಸಿ ತಾಲೂಕಿನ ಒಂದು ಮನೆಗೆ ಕೆಲವು ಸಾವಿರ ಉಳಿಯಿತು. ಇತಿಹಾಸದಲ್ಲಿ ಇಂಥದ್ದು ಅಪರೂಪ.

ಓದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೆನ್ನಾಗಿತ್ತು. ಆ ವರ್ಷ ಯುಕ್ರೇನ್ ಯುದ್ಧ ನಡೆಯುತ್ತಿತ್ತು, ಪಾಠವೂ ಸುದ್ದಿಯೂ ಒಂದೇ ಆಗಿದ್ದವು. ನಾನು ಆರಿಸಿಕೊಂಡದ್ದು ಆರ್ಥಿಕ ನಿರ್ಬಂಧಗಳ ಪೇಪರ್. ಅದು ಮುಂದೆ ಅನ್ನಕ್ಕೆ ದಾರಿಯಾಯಿತು.

ಅಲ್ಲಿನ ಸಹಪಾಠಿಗಳ ಸಾಲದ ಬಗ್ಗೆ ಮಾತ್ರ ಹೇಳಲೇಬೇಕು. ಪಕ್ಕದ ರೂಮಿನ ಇಂಗ್ಲಿಷ್ ಹುಡುಗಿಗೂ ಸಾಲ ಇತ್ತು, ನನಗೂ ಇತ್ತು. ಆ ವರ್ಷ ಎಂಎಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಸಾಲ ಗರಿಷ್ಠ 11,836 ಪೌಂಡ್. ತೀರಿಸುವ ಕ್ರಮ ಕೇಳಿದರೆ ನಮ್ಮವರಿಗೆ ನಂಬಿಕೆ ಬರುವುದಿಲ್ಲ: ವರ್ಷದ ಸಂಬಳ 21,000 ಪೌಂಡ್ ದಾಟಿದರೆ, ದಾಟಿದ ಭಾಗದ ಮೇಲೆ ಮಾತ್ರ ನೂರಕ್ಕೆ ಆರು. ದಾಟದಿದ್ದರೆ ಏನೂ ಕಟ್ಟಬೇಕಿಲ್ಲ. 30 ವರ್ಷ ಕಳೆದರೆ ಉಳಿದದ್ದು ಮನ್ನಾ. ಅಮೆರಿಕದಲ್ಲೂ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತ 120 ಕಂತು ಕಟ್ಟಿದವರ ಉಳಿದ ಸಾಲ ಮನ್ನಾ ಮಾಡುವ ಯೋಜನೆ 2007ರಿಂದ ಇದೆ. ಈ ವಿಷಯ ಓದಿ ಸರ್ಕಾರಿ ಕೆಲಸಕ್ಕೆ ಸೇರುವವರಿಗೆ ಹೇಳಿ ಮಾಡಿಸಿದಂತೆ. ಆದ್ದರಿಂದ ಅವರಿಗೆ ಎರಡು ವರ್ಷ ಪುಡಿಗಾಸಿಗೆ ಥಿಂಕ್ ಟ್ಯಾಂಕಿನಲ್ಲಿ ದುಡಿದು ಅನುಭವ ಗಳಿಸಲು ಧೈರ್ಯ ಇರುತ್ತದೆ. ವಿಶ್ವಸಂಸ್ಥೆಯ ಸೆಕ್ರೆಟರಿಯೇಟಿನ ಇಂಟರ್ನ್‌ಶಿಪ್‌ಗೆ ಸಂಬಳವೇ ಇಲ್ಲ, ಆದರೂ ಹೋಗುತ್ತಾರೆ. ಅಲ್ಲಿನ ಕಿರಿಯ ಅಧಿಕಾರಿಗಳ ಜೆಪಿಓ ಹುದ್ದೆಗಳಿಗೆ ಹಣ ಹಾಕುವುದು ಶ್ರೀಮಂತ ದೇಶಗಳು, ಹೆಚ್ಚಾಗಿ ತಮ್ಮದೇ ಮಕ್ಕಳಿಗೆ. ನಮ್ಮ ಸಾಲ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಕೋರ್ಸ್ ಮುಗಿದು ಒಂದು ವರ್ಷ ಆಯಿತೋ, ಐದನೇ ತಾರೀಖಿಗೆ ಕಂತು.

2023ರ ಶರತ್ಕಾಲದಿಂದ ಕೆಲಸ ಹುಡುಕಿದೆ. ಹಗಲು ಒಂದು ಅಂಗಡಿಯಲ್ಲಿ ಕನಿಷ್ಠ ಕೂಲಿ, ಆಗ ಗಂಟೆಗೆ 10.42 ಪೌಂಡ್, ರಾತ್ರಿ ಅರ್ಜಿ. ಪ್ರತಿ ಅರ್ಜಿಯ ಕೊನೆಯಲ್ಲೂ ಒಂದು ಪ್ರಶ್ನೆ ಇರುತ್ತಿತ್ತು: ಈಗ ಅಥವಾ ಮುಂದೆ ನಿಮಗೆ ವೀಸಾ ಪ್ರಾಯೋಜಕತ್ವ ಬೇಕಾಗುತ್ತದೆಯೇ? ಹೌದು, ಇಲ್ಲ, ಎರಡೇ ಚೌಕ. ಹೌದು ಎಂದು ಒತ್ತಿದ ಮರುಕ್ಷಣಕ್ಕೇ ವಿಷಾದದ ಮೇಲ್ ಬಂದದ್ದೂ ಇದೆ. ಮನುಷ್ಯರು ಓದಿರಲು ಸಾಧ್ಯವೇ ಇಲ್ಲ. ಪ್ರಾಯೋಜಿಸುವ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ಎಲ್ಲರಿಗೂ ಸಿಗುವಂತೆ ಹಾಕುತ್ತದೆ. ಅದನ್ನು ಇಳಿಸಿಕೊಂಡು ನನಗೆ ಇಷ್ಟವಾದ ಸಂಶೋಧನಾ ಸಂಸ್ಥೆಗಳನ್ನು ಒಂದೊಂದಾಗಿ ಹುಡುಕಿದೆ. ಸಣ್ಣವು ಬಹಳಷ್ಟು ಪಟ್ಟಿಯಲ್ಲೇ ಇರಲಿಲ್ಲ. ಕಾಮನ್‌ವೆಲ್ತ್ ದೇಶದವರೆಂದು ಅಲ್ಲಿನ ಸಿವಿಲ್ ಸರ್ವೀಸಿನ ಎಷ್ಟೋ ಹುದ್ದೆಗೆ ನಾವು ಅರ್ಜಿ ಹಾಕಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಆದರೆ ನಾನು ಓದಿದ ವಿಷಯದ ಇಲಾಖೆ, ವಿದೇಶಾಂಗ ಕಚೇರಿ, ಬ್ರಿಟಿಷ್ ಪ್ರಜೆಗಳಿಗೆ ಮಾತ್ರ.

2024ರ ಏಪ್ರಿಲ್‌ನಲ್ಲಿ ಬಾಗಿಲು ಇನ್ನಷ್ಟು ಮುಚ್ಚಿತು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳವನ್ನು ವರ್ಷಕ್ಕೆ 26,200ರಿಂದ 38,700 ಪೌಂಡಿಗೆ ಏರಿಸಿದರು. ಹೊಸಬರಿಗೆ ರಿಯಾಯಿತಿ ದರ 30,960. ಸಹಾಯಕ ಸಂಶೋಧಕರಿಗೆ ಅಷ್ಟು ಕೊಡುವ ಜಾಗ ಲಂಡನ್ನಿನಲ್ಲಿ ಸಿಗುವುದೂ ಕಷ್ಟ. ವೀಸಾ ಇನ್ನೂ ಉಳಿದಿತ್ತು. ಅಂಗಡಿ ಕೆಲಸದಲ್ಲೇ ಇನ್ನಷ್ಟು ದಿನ ದಬ್ಬಬಹುದಿತ್ತು. ಪೌಂಡಿನಲ್ಲಿ ದುಡಿದು ರೂಪಾಯಿ ಸಾಲ ತೀರಿಸು ಎಂದು ಭಾರತದ ಗೆಳೆಯರೆಲ್ಲ ಹೇಳಿದರು. ಬಾಡಿಗೆ, ಊಟ, ಬಸ್ಸು ಕಳೆದರೆ ಉಳಿಯುವುದು ಎಷ್ಟು ಎಂದು ಬರೆದು ನೋಡಿದೆ. ಉಳಿಯುವುದೆಲ್ಲ ಬಡ್ಡಿಗೇ ಸರಿಹೋಗುತ್ತಿತ್ತು. ಅರ್ಜಿಯಲ್ಲಿ 45,000 ಎಂದು ಬರೆದದ್ದು ನೆನಪಿತ್ತು. ಮಳೆ ಹಿಡಿಯುವ ಮೊದಲು ಊರಿಗೆ ಬಂದೆ.

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದು ನಾನು ಎಣಿಸದ ಕಡೆ. ವಿದೇಶಿ ಬ್ಯಾಂಕುಗಳ ಕಚೇರಿಗಳು ಅಲ್ಲಿ ಸಾಕಷ್ಟಿವೆ. 2022ರ ನಂತರ ರಷ್ಯಾದ ಮೇಲೆ ಒಂದರ ಮೇಲೊಂದು ನಿರ್ಬಂಧ ಬಂದವು. ಯಾರ ಹಣ ಸಾಗಬಹುದು, ಯಾರದ್ದು ಸಾಗಬಾರದು ಎಂದು ನೋಡುವ ಜನ ಬೇಕಾದರು. ಅದಕ್ಕೆ ಸ್ಯಾಂಕ್ಷನ್ಸ್ ಸ್ಕ್ರೀನಿಂಗ್ ಎನ್ನುತ್ತಾರೆ. ಒಬ್ಬರು ಇನ್ನೊಂದು ದೇಶಕ್ಕೆ ಹಣ ಕಳಿಸುವಾಗ ಹೆಸರು ಅಮೆರಿಕದ ಖಜಾನೆ ಇಲಾಖೆಯ ಪಟ್ಟಿಗೋ ಬ್ರಿಟನ್ನಿನ ಪಟ್ಟಿಗೋ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಪಟ್ಟಿಗೋ ಹೋಲಿದರೆ ಯಂತ್ರ ತಡೆಯುತ್ತದೆ. ನನ್ನ ಪರದೆಯ ಮೇಲೆ ಎಡಗಡೆ ಗಿರಾಕಿಯ ವಿವರ, ಬಲಗಡೆ ಪಟ್ಟಿಯಲ್ಲಿರುವವನ ವಿವರ. ಹೆಸರಿನ ಕೆಳಗೆ ಹಳದಿ ಗೆರೆ. ಹುಟ್ಟಿದ ತಾರೀಖು ನೋಡು, ಊರು ನೋಡು, ಪಾಸ್‌ಪೋರ್ಟ್ ಸಂಖ್ಯೆ ನೋಡು, ಬೇರೆಯವನು ಎಂದು ಖಾತ್ರಿಯಾದರೆ ಕಾರಣ ಬರೆದು ಬಿಡು. ಹೆಚ್ಚಿನವು ಹೀಗೆ ಸುಮ್ಮನೆ ಹೆಸರು ಹೊಂದಿದವೇ. ತಲೆ ಓಡಿಸಬೇಕಾಗಿ ಬರುವುದು ಕಂಪನಿಗಳ ವಿಷಯದಲ್ಲಿ. ಪಟ್ಟಿಯಲ್ಲಿರುವವರ ಪಾಲು ಒಟ್ಟು ಸೇರಿ ಅರ್ಧದಷ್ಟೋ ಹೆಚ್ಚೋ ಇದ್ದರೆ ಆ ಕಂಪನಿಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೂ ಅಮೆರಿಕದ ನಿಯಮದಂತೆ ಅದೂ ನಿರ್ಬಂಧಿತವೇ. ದುಬೈಯಲ್ಲಿ ನೋಂದಣಿ, ಸೈಪ್ರಸ್ಸಿನಲ್ಲಿ ಮಾಲೀಕ, ಹಡಗಿಗೆ ಹೋದ ವರ್ಷ ಬೇರೆ ಹೆಸರು. ಇಂಥದ್ದು ಬಂದಾಗ ಓದಿದ್ದು ಉಪಯೋಗಕ್ಕೆ ಬರುತ್ತದೆ, ಕೆಲಸ ರುಚಿಸುತ್ತದೆ. ಆದರೆ ಪಕ್ಕದ ಕುರ್ಚಿಯಲ್ಲಿ ಬೆಂಗಳೂರಿನಲ್ಲೇ ಬಿಕಾಂ ಮುಗಿಸಿ ಬಂದ ಹುಡುಗ ಕೂತಿದ್ದಾನೆ, ಅವನೂ ಅದೇ ಕೆಲಸ ಮಾಡುತ್ತಾನೆ, ಅವನಿಗೆ ಸಾಲ ಇಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಸಂಬಳ ಕೈಗೆ 58,000. ಅರ್ಜಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು, ಕನ್ಸಲ್ಟೆನ್ಸಿಯ ಬಣ್ಣದ ಹಾಳೆಗಿಂತ ಬಹಳ ಕಡಿಮೆ.

2024ರ ಅಕ್ಟೋಬರಿನಲ್ಲಿ, ಕಂತು ಕಟ್ಟಬೇಕಿಲ್ಲದ ರಜೆಯ ಅವಧಿ ಮುಗಿಯಿತು. ಆ ಅವಧಿಯಲ್ಲಿ ಸಾದಾ ಬಡ್ಡಿ ಅನ್ನುತ್ತಾರೆ, ಸಾದಾ ಅಂದರೂ ಬಡ್ಡಿಯೇ. 24 ಲಕ್ಷ ಹೋಗಿ 28.6 ಲಕ್ಷ ಆಗಿತ್ತು. ಬಡ್ಡಿ ಹತ್ತೂವರೆ. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳ ಕಂತು ಸುಮಾರು 38,600. ಅಪ್ಪಯ್ಯನಿಗೆ ಹೇಳಿದೆ. ಕವಳದ ಬಟ್ಟಲಿಂದ ಕೈ ತೆಗೆಯದೆ ಕೇಳಿಸಿಕೊಂಡು, “ತಿಂಗಳಿಗೆ ಮುಕ್ಕಾಲು ಕ್ವಿಂಟಲ್ ರಾಶಿ ಹೋತು ಹಂಗಾರೆ” ಎಂದ. ನನ್ನ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ ಕಳೆದರೆ ಅಷ್ಟು ಉಳಿಯುವುದಿಲ್ಲ. 15 ವರ್ಷಕ್ಕೆ ಎಳೆದೆ: 31,600. ತಿಂಗಳಿಗೆ ಏಳು ಸಾವಿರ ಹಗುರ. ಆದರೆ ಹತ್ತು ವರ್ಷದ ಲೆಕ್ಕದಲ್ಲಿ ಒಟ್ಟು 46 ಲಕ್ಷ ಕಟ್ಟುವುದು, ಹದಿನೈದರ ಲೆಕ್ಕದಲ್ಲಿ 57 ಲಕ್ಷದ ಹತ್ತಿರ. ಏಳು ಸಾವಿರದ ಉಸಿರಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಬೆಲೆ.

ಮೊದಲ ಕಂತಿನ ಸ್ಟೇಟ್‌ಮೆಂಟ್ ತೆರೆದು ನೋಡಿದಾಗ ಇನ್ನೊಂದು ಪಾಠ. 31,600ರಲ್ಲಿ 25,000 ಬಡ್ಡಿಗೆ, ಅಸಲಿಗೆ ಹೋದದ್ದು ಆರೂವರೆ ಸಾವಿರ. ಒಂದು ವರ್ಷದಲ್ಲಿ ಕಟ್ಟಿದ್ದು 3.79 ಲಕ್ಷ, 2025ರ ಜೂನ್ ಹೊತ್ತಿಗೆ ರೆಪೊ ಒಂದು ಶೇಕಡಾ ಇಳಿದು ನನ್ನ ಬಡ್ಡಿಯೂ ಇಳಿದಿದ್ದರೂ, ಅಸಲು ಕರಗಿದ್ದು ಒಂದು ಲಕ್ಷ ಪೂರ್ತಿ ಇಲ್ಲ. ಶಿಕ್ಷಣ ಸಾಲದ ಬಡ್ಡಿಗೆ 80ಇ ಕಲಮಿನಡಿ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದ ಆದಾಯದವರೆಗೆ ತೆರಿಗೆಯೇ ಇಲ್ಲ, ಹಾಗಾಗಿ ನನ್ನ ಸಂಬಳದವರಿಗೆ 80ಇ ಬರೀ ಅಲಂಕಾರ. ಸಹ ಸಾಲಗಾರನಾದ ಅಪ್ಪಯ್ಯನಿಗೆ ತೆರಿಗೆಯೇ ಬರುವುದಿಲ್ಲ, ಅವನಿಗೆ ವಿನಾಯಿತಿ ಎಲ್ಲಿಂದ.

ನನ್ನ ಜೊತೆ ಕಾರವಾರದಲ್ಲಿ ಓದಿದ ಹೊನ್ನಾವರದ ಗೆಳತಿ ಇದೇ ವಿಷಯ ಓದಲು ದಿಲ್ಲಿಯ ಜೆಎನ್‌ಯು ಸೇರಿದಳು. ಅಲ್ಲಿನ ಅಂತಾರಾಷ್ಟ್ರೀಯ ಅಧ್ಯಯನ ಶಾಲೆ 1955ರಲ್ಲಿ ಶುರುವಾದ ಸಂಸ್ಥೆ, ದೇಶದಲ್ಲಿ ಈ ಓದಿಗೆ ಅದೇ ಹಿರಿಮನೆ. ಬೋಧನಾ ಶುಲ್ಕ ವರ್ಷಕ್ಕೆ ನೂರರ ಲೆಕ್ಕದಲ್ಲಿ. ಯುಜಿಸಿ ನೆಟ್‌ನಲ್ಲಿ ಅಂತಾರಾಷ್ಟ್ರೀಯ ಸಂಬಂಧಕ್ಕೆ ಬೇರೆ ಪತ್ರಿಕೆಯೇ ಇದೆ. ಅವಳು ಅದರಲ್ಲಿ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡಲು ಸಿಗುವ ಸಂಶೋಧನಾ ವೇತನ, ತೆಗೆದುಕೊಂಡಳು. 2023ರಿಂದ ಅದು ತಿಂಗಳಿಗೆ 37,000, ಜೊತೆಗೆ ಮನೆ ಬಾಡಿಗೆ ಭತ್ಯೆ. ನಾನು ಕಂತು ಕಟ್ಟಿ ಉಳಿಸಿಕೊಳ್ಳುವುದಕ್ಕಿಂತ ಅವಳ ಕೈಯಲ್ಲಿ ಹೆಚ್ಚು ಇರುತ್ತದೆ. ಪಿಎಚ್‌ಡಿ ಮುಗಿದ ಮೇಲೆ ಅವಳಿಗೆ ಏನು ಕಾದಿದೆಯೋ, ಅತಿಥಿ ಉಪನ್ಯಾಸಕರ ಪಾಡು ನಮಗೆಲ್ಲ ಗೊತ್ತಿದೆ. ಆದರೆ ಅವಳು ಸಂಬಳ ನೋಡದೆ ಕೆಲಸ ಆರಿಸಬಹುದು. ನನ್ನ ಮಟ್ಟಿಗೆ ಸಾಲ ಮೊದಲು ಕಿತ್ತುಕೊಂಡದ್ದು ಆ ಆಯ್ಕೆಯನ್ನು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ನನಗೆ ಇಷ್ಟದ ಕೆಲಸ ಕೊಡಲು ಒಪ್ಪಿತ್ತು, 40,000ಕ್ಕೆ. ಮರುದಿನವೇ ಬೇಡ ಎಂದು ಬರೆದೆ.

ಮೆಸೇಜ್ ಮಾಡುವವರಿಗೆ ನಾನು ಹೋಗಬೇಡಿ ಎನ್ನುವುದಿಲ್ಲ. ಆ ಕಲಮಿಗೆ ಎಷ್ಟು ಬರೆದಿದ್ದೀರಿ ಎಂದು ಮೊದಲು ಕೇಳುತ್ತೇನೆ. ಅದು ಡಾಲರಿನಿಂದಲೋ ಪೌಂಡಿನಿಂದಲೋ ಇಳಿಸಿದ ಸಂಖ್ಯೆಯಾಗಿದ್ದರೆ ಅಳಿಸಿ, ಬೆಂಗಳೂರಿನ ಮೊದಲ ಸಂಬಳ ಬರೆಯಲು ಹೇಳುತ್ತೇನೆ. ಅದರ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾದರೆ ಸಾಲದ ಮೊತ್ತ ತಗ್ಗಿಸಲು ದಾರಿ ಹುಡುಕಿ ಎನ್ನುತ್ತೇನೆ. ಹೋದ ತಿಂಗಳು ಅಂಕೋಲೆಯ ಹುಡುಗನೊಬ್ಬ ಹೀಗೆ ಲೆಕ್ಕ ಹಾಕಿ, ಎರಡು ವರ್ಷ ದುಡಿದು ಚೆವನಿಂಗಿಗೆ ಅರ್ಜಿ ಹಾಕುತ್ತೇನೆ ಎಂದ. ಇನ್ನೊಬ್ಬಳು ಲೆಕ್ಕ ಹಾಕಿಯೂ ಹೋದಳು. ಅವಳ ಅಪ್ಪನಿಗೆ ಮುಂಬೈಯಲ್ಲಿ ಫ್ಲ್ಯಾಟ್ ಇದೆ.

ಎಂಎ ಮುಗಿದು 15 ತಿಂಗಳಿಗೆ ಬ್ರಿಟನ್ನಿನ ಗ್ರಾಜುಯೇಟ್ ಔಟ್‌ಕಮ್ಸ್ ಸಮೀಕ್ಷೆಯ ಮೇಲ್ ಬಂತು, ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳುವಂಥದ್ದು. ಏನು ಕೆಲಸ, ಎಷ್ಟು ಸಂಬಳ. ಎಲ್ಲ ತುಂಬಿ ಕಳಿಸಿದೆ. ಸಾಲ ಎಷ್ಟಿದೆ, ಜಾಮೀನು ಯಾರ ಮನೆ ಎಂಬ ಪ್ರಶ್ನೆ ನನಗೆ ಬಂದ ಪುಟಗಳಲ್ಲಿ ಇರಲಿಲ್ಲ.

ಆ ಮನೆಯ ಮೇಲೆ ಒಂದು ಮಹಡಿ ಎತ್ತಬೇಕೆಂದು ಮಾವನಿಗೆ ಈಗ ಮನಸ್ಸಾಗಿದೆ. ಅದಕ್ಕೆ ಗೃಹಸಾಲ ಕೇಳಿದರೆ ಮೂಲ ಪತ್ರ ಬೇಕು. ಪತ್ರ ಶಿರಸಿಯ ಶಾಖೆಯ ಲಾಕರಿನಲ್ಲಿದೆ. ಅಸಲು ಏಳೂವರೆ ಲಕ್ಷಕ್ಕೆ ಇಳಿದರೆ ಅಡಮಾನ ಬಿಡುತ್ತೀರಾ ಎಂದು ಹೋಗಿ ಕೇಳಿದೆ. ಪೂರ್ತಿ ಮುಗಿಯುವವರೆಗೆ ಆಗುವುದಿಲ್ಲ ಎಂದರು. ಮುಂಚಿತವಾಗಿ ಕಟ್ಟಲು ದಂಡ ಇಲ್ಲ. ಹಾಗಾಗಿ ಮಾರ್ಚ್‌ನ ಬೋನಸ್ಸನ್ನು ಅಸಲಿಗೇ ಹಾಕಿ, ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಪತ್ರ ಕೊಟ್ಟು ಬಂದಿದ್ದೇನೆ. ಹೇಳದಿದ್ದರೆ ಕೆಲವು ಕಡೆ ಕಂತು ಇಳಿಸಿ ಅವಧಿಯನ್ನು ಹಾಗೇ ಬಿಡುತ್ತಾರಂತೆ. ಆ ಪತ್ರದ ನಕಲಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.